ತುಂಬು ಬಿಡಿಸಿದ ಗಾಡಿ

ಬ್ಯಾಡಗ್ಯಾಗ ಮನಶ್ಯಾರಷ್ಟ ಸೀನೂದಿಲ್ಲ,
ಕಾರ್ಬೊರೇಟರೂ ಸೀನತಾವ.
ಹಿತ್ತಲಮನಿ ಮುನೀಮರ ಯೆಜ್ಡಿ ಬಿಚ್ಚಿದೆ:
ಫಿಲ್ಟರಿನೊಳಗಿಂದ ಉದುರಿದ್ದು ಧೂಳಲ್ಲ,
ಕೆಂಪು ಖಾರದ ಪುಡಿ.
ಇಪ್ಪತ್ತೇಳು ಸುಗ್ಗಿ.
ಎರಿಹೊಲದ ಬದುವಿನ ಮ್ಯಾಲೆ, ಹಳ್ಳದ ಉಸುಕಿನ್ಯಾಗ,
ಮೋಟೆಬೆನ್ನೂರು, ಕದರಮಂಡಲಗಿ,
ಕ್ಯಾರಿಯರಿಗೆ ಮಾದರಿ ಚೀಲ ಬಿಗಿದು
ದಾರಿ ಇಲ್ಲದ ಕಡೆ ದಾರಿ ಕೇಳದ ಹೋದ ಗಾಡಿ.

"ಇದನ್ನ ರೇಸಿಗೆ ಮಾಡಿಕೊಡ್ರಿ" ಅಂದಾಕಿ ಕಸ್ತೂರಿ.
ದಲಾಲರ ಅಂಗಳದಾಗ ಕುಂತು
ದಿನಾ ಮೆಣಸಿನಕಾಯಿ ತುಂಬು ಬಿಡಸಾಕಿ,
ಕಿಲೋಕ್ಕಿಷ್ಟು ಕೂಲಿ.
ಬೆರಳ ತುದಿಯ ಉರಿ ರಾತ್ರಿಗೂ ಆರೂದಿಲ್ಲಂತ,
ಹ್ಯಾಂಡಲ್ ಹಿಡದ್ರ ಮರತು ಹೊಕ್ಕತದಂತ.
ಮುನೀಮರು ಗಾಡಿ ಕೊಟ್ರು, ಕೀಲಿ ಕೊಡಲಿಲ್ಲ.
ಇರಲಿ ಬಿಡ್ರಿ, ಅಂದೆ,
ರೇಸಿನ ಗಾಡಿಗೆ ಕೀಲಿ ಇರೂದಿಲ್ಲ.

ಬಿಚ್ಚಿದ್ದನ್ನೆಲ್ಲ ಅಂಗಡಿ ಕಾಟಾದ ಮ್ಯಾಲೆ ಇಟ್ಟು ಬರದೆ.
ಕ್ಯಾರಿಯರ್, ಮೂರು ಕಿಲೋ ಎಂಟನೂರು.
ಹೆಡ್‌ಲೈಟು. ಹಾರ್ನು. ನಡು ಸ್ಟ್ಯಾಂಡು, ಅದು ಶನಿ, ಭಾಳ ಭಾರ.
ಕನ್ನಡಿ ತಗದದ್ದು ಹಿಂದ ನೋಡಬಾರದಂತ ಅಲ್ಲ,
ಬಿದ್ದಾಗ ಗಾಜು ಹೊಟ್ಟ್ಯಾಗ ಹೋದೀತಂತ.
ಸೀರಿ ಜಾಳಿಗಿಗೆ ಪಾನಾ ಹಚ್ಚೂ ಹೊತ್ನ್ಯಾಗ
ಮುನೀಮರು ಎದ್ದು ಚಾ ಕುಡ್ಯಾಕ ಹ್ವಾದ್ರು.
ಉಳದ ನಟ್ಟೆಲ್ಲ ತುಕ್ಕು ತಿಂದಿದ್ವು;
ಆ ಎರಡು ಮಾತ್ರ ಸರಕ್ಕಂತ ತಿರುಗಿದ್ವು.
ಯಾರೋ ಎಣ್ಣಿ ಬಿಡಕೋತ ಬಂದಿದ್ರು.
ಒಂದು ಕಿಲೋ ನೂರಾ ಐವತ್ತು.

ಕಸ್ತೂರಿ ಕಾಟಾ ನೋಡಿ ನಕ್ಕಳು:
"ತುಂಬು ತಗದ್ರ ತೂಕ ಇಳೀತದ,
ರೇಟು ಏರತದ, ಮೇಸ್ತ್ರಿ."

ಆಮ್ಯಾಲಿಂದು ನನ್ನ ಕೆಲಸ.
ಹಳೇ ಪಂಚಾಂಗದ ಹಾಳಿ ಕತ್ತರಿಸಿ ಅಳತಿ ಮಾಡಿ,
ತಗಡು ಸುತ್ತಿ, ಎರಡೂ ಬಾಯಿ ಕೂಡಿಸಿ
ಬಸರಿ ಹೊಟ್ಟಿಯಂಥಾ ಒಂದ ಪೈಪು ಬೆಸದೆ.
ಮೂರು ಸಲ ಸೀಳಿತು.
ಹೆಡ್ಡು ರಾಣೆಬೆನ್ನೂರಿಗೆ ಹೋತು;
ಲೇಥಿನ ದಾದಾಪೀರ ಒಂದು ಮಿಲಿಮೀಟರ್ ಕೆರದು
"ಇನ್ನರ್ಧ?" ಅಂದ.
ಆಶಾ ಬ್ಯಾಡೋ, ಪಿಸ್ಟನ್ ಕೇಳಿದಷ್ಟು ಕೊಡು.
ಹಿಂದಿನ ಗಾಲಿಗೆ ಐವತ್ತೆರಡು ಹಲ್ಲಿನ ಸ್ಪ್ರಾಕೆಟ್:
ಹರದಾರಿ ಹರದಾರಿ ತಾಳ್ಮಿಲೆ ಓಡಿದ್ದಕ್ಕ
ಈಗ ಮುಂದಿನ ಹತ್ತ ಮಾರಿನ ಹಸಿವು.
ಶಾಕ್ ಅಬ್ಸಾರ್ಬರ್ ಮುಂದಕ ಸರಿಸಿ, ವಾಲಿಸಿ,
ಅವಕ್ಕ ಗುಜರಿ ಟ್ರ್ಯಾಕ್ಟರ್ ಸೀಟಿನ ಸ್ಪ್ರಿಂಗು.
ಫಿಲ್ಟರಿಗೆ ಕಸ್ತೂರಿ
ಖಾರ ಸೋಸೂ ಮಲಮಲ್ ಬಟ್ಟಿ ತಂದ್ಲು.
ಎಣ್ಣ್ಯಾಗ ಅದ್ದಿ ಕಟ್ಟಿದ್ವಿ. ಸೀನೂದು ನಿಂತಿತು.

ಹಾವೇರಿ ಹೊರಗ, ಬಿತ್ತದ ಬಿಟ್ಟ ಹೊಲದಾಗ ರೇಸು.
ಎಣ್ಣಿ ಡಬ್ಬಿ ತಗಡಿನ ಮ್ಯಾಲೆ ಅರವತ್ತೊಂದು, ಸುಣ್ಣದಾಗ ಬರದದ್ದು.
ಬಾಕಿ ಗಾಡಿ ಎಲ್ಲಾ ಹೊಸಾವು, ಪ್ಲಾಸ್ಟಿಕ್ಕಿನ ಗಿಣಿಹಂಗ.
ಮೊದಲನೇ ದಿಬ್ಬ.
ಎರಡೂ ಗಾಲಿ ನೆಲಾ ಬಿಟ್ವು.
ನಾ ಕಾಟಾದ ಚೀಟಿ ಕಿಸೆದಾಗ ಹಿಚುಗಿ ಹಿಡದಿದ್ದೆ,
ಕೂಡಿಸಿದ್ದು ಕಳದದ್ದು ಎಲ್ಲಾ ಮರತು ಹೋತು.

ನಾಲ್ಕನೇ ಸುತ್ತಿನ್ಯಾಗ ಚೈನು ಹರೀತು.
ಆಕಿ ಇಳದು ನೂಕಿದ್ಲು, ಬೈಕೋತ, ಕೊನೀ ಗೆರಿತನಕ.
ಕಡೇಲಿಂದ ಎರಡನೇದ್ದು;
ಒಬ್ಬಾಂವ ಮೊದಲ ತಗ್ಗಿನ್ಯಾಗ ಬಿದ್ದಿದ್ದ, ಪಾಪ.

ಮುನೀಮರು ಭಾಳ ಹೊತ್ತು ಮಾತಾಡಲಿಲ್ಲ.
"ಇದು ಹಂಗ ಹಾರತದಂತ
ಇಪ್ಪತ್ತೇಳು ವರ್ಷ ನನಗ ಹೇಳಲೇ ಇಲ್ಲಲ್ಲೋ"
ಅಂದ್ರು, ನನಗಲ್ಲ, ಗಾಡಿಗೆ.
ಅವರ ಕೈಚೀಲದಾಗ ಜಾಳಿಗಿಯಂಥಾದ್ದು ಏನೋ ಚುಚ್ಚಿ ಕಾಣತಿತ್ತು.
ನಾ ಕೇಳಲಿಲ್ಲ.

ಪ್ಲಗ್ ಬಿಚ್ಚಿ ನೋಡಿದೆ: ಮಸಿ.
ಜೆಟ್ ಒಂದು ನಂಬರ್ ಇಳಸಬೇಕು.
ಕಸ್ತೂರಿ ಬೆರಳು ಊದಕೋತ ನಿಂತಿದ್ಲು.
ಖಾರದ ಉರಿ ಅಲ್ಲರಿ ಇದು, ಅಂದ್ಲು, ಬ್ಯಾರೆ.